ಕೀಲಿಕೈ ಇತ್ತು, ಬೀರು ಇರಲಿಲ್ಲ

ಅಂತರರಾಷ್ಟ್ರೀಯ ಅಭಿವೃದ್ಧಿ ಅಧ್ಯಯನ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿ ಸಂಘಕ್ಕೆ ನಾನು ಕಾರ್ಯದರ್ಶಿಯಾದಾಗ ಕೈಗೆ ಬಂದದ್ದು ಎರಡೇ ವಸ್ತು: ಅರ್ಧ ತುಂಬಿದ ನಡಾವಳಿ ಪುಸ್ತಕ ಮತ್ತು ಒಂದು ಬೀರುವಿನ ಕೀಲಿಕೈ. ಆ ಬೀರು ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಹಳೆಯ ಪದಾಧಿಕಾರಿಗಳು ಪ್ರಬಂಧ ಒಪ್ಪಿಸಿ ಹೊರಟುಹೋಗಿದ್ದರು. ಎರಡು ವರ್ಷದ ಕೋರ್ಸಿನಲ್ಲಿ ಕೆಲಸ ಕಲಿಯುವಷ್ಟರಲ್ಲಿ ಹೊರಡುವ ದಿನ ಬಂದಿರುತ್ತದೆ.

ಉತ್ಸಾಹದಲ್ಲಿ ನಾನು ಮೊದಲು ಮಾಡಿದ್ದು ಒಂದು ಕೋಷ್ಟಕ. ತರಗತಿಯಲ್ಲಿ ಆಗಷ್ಟೇ ತಾರ್ಕಿಕ ಚೌಕಟ್ಟಿನ ಪಾಠವಾಗಿತ್ತು. 1969ರಲ್ಲಿ ಅಮೆರಿಕದ ನೆರವು ಸಂಸ್ಥೆಗಾಗಿ ರೂಪಿಸಿದ, ಇಂದಿಗೂ ಯೋಜನಾ ಪ್ರಸ್ತಾವನೆಗಳನ್ನು ಬಿಡದ ಯೋಜನೆಯ ಗುರಿಯಿಂದ ಕೆಲಸಗಳವರೆಗೆ ಎಲ್ಲವನ್ನೂ ಒಂದೇ ಪುಟದಲ್ಲಿ ಜೋಡಿಸುವ ನಾಲ್ಕು ಸಾಲು, ನಾಲ್ಕು ಕಂಬದ ಚೌಕಟ್ಟು ಅದು. ವರ್ಷದ ಚಟುವಟಿಕೆಗಳನ್ನೆಲ್ಲ ಅದರಲ್ಲಿ ತುಂಬಿದೆ. ಕೊನೆಯ ಕಂಬ ಊಹೆಗಳದ್ದು. ಅಲ್ಲಿ ‘ಸದಸ್ಯರಿಗೆ ಆಸಕ್ತಿ ಇದೆ’ ಎಂದು ಬರೆದೆ. ಮೊದಲ ಸಭೆಗೆ ಐದು ಜನ ಬಂದರು, ಅವರಲ್ಲಿ ಮೂವರು ಪದಾಧಿಕಾರಿಗಳು.

ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು ಕೋಷ್ಟಕ ನೋಡಿ ನಕ್ಕಳು. ಅದೇ 1969ರಲ್ಲಿ ಅಮೆರಿಕದ ನೀತಿ ವಿಶ್ಲೇಷಕಿ ಶೆರಿ ಆರ್ನ್‌ಸ್ಟೈನ್ ಜನರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ವಿವರಿಸಿದ್ದರು. ಬರೀ ಮಾಹಿತಿ ಕೊಟ್ಟು ಕಳುಹಿಸುವುದು ಅದರಲ್ಲಿ ಕೆಳಗಿನಿಂದ ಮೂರನೆಯ ಮೆಟ್ಟಿಲು. ‘ನೀವು ಅಲ್ಲೇ ನಿಂತಿದ್ದೀರಿ’ ಎಂದಳು. ಪರೀಕ್ಷೆಯಲ್ಲಿ ಇದೇ ಏಣಿಯ ಬಗ್ಗೆ ಮೂರು ಪುಟ ಬರೆದು ಬಂದವನು ನಾನು. ಸಿಟ್ಟು ಬಂತು, ಆದರೆ ಅವಳು ಹೇಳಿದ್ದು ಸರಿಯಾಗಿತ್ತು.

ಮುಂದಿನ ಸಭೆಯಲ್ಲಿ ಕೋಷ್ಟಕವನ್ನು ಪಕ್ಕಕ್ಕಿಟ್ಟು, ಹಳ್ಳಿಯವರೇ ಕೂತು ತಮ್ಮ ಅಗತ್ಯಗಳನ್ನು ಗುರುತಿಸುವ ಸಹಭಾಗಿ ಗ್ರಾಮೀಣ ಸಮೀಕ್ಷೆಯಲ್ಲಿ ಮಾಡುವ ಹಾಗೆ ನೆಲದ ಮೇಲೆ ಕಾರ್ಡುಗಳನ್ನು ಹರಡಿ, ಒಬ್ಬೊಬ್ಬರಿಗೆ ಹತ್ತು ಕಾಳು ಕೊಟ್ಟೆವು. ಬೇಕಾದ ಕಾರ್ಯಕ್ರಮದ ಮೇಲೆ ಬೇಕಾದಷ್ಟು ಇಡಬಹುದು. ನಾನು ಹೆಮ್ಮೆಯಿಂದ ಬರೆದಿದ್ದ ‘ವಿಚಾರ ಸಂಕಿರಣ’ದ ಮೇಲೆ ನಾಲ್ಕು ಕಾಳು ಬಿದ್ದವು, ಎರಡು ನನ್ನವೇ. ರಾಶಿ ಬಿದ್ದದ್ದು ಯಾರೋ ಪೆನ್ಸಿಲಿನಲ್ಲಿ ಗೀಚಿ ಸೇರಿಸಿದ್ದ ಒಂದು ಕಾರ್ಡಿನ ಮೇಲೆ: ‘ಕ್ಷೇತ್ರಕಾರ್ಯದಲ್ಲಿ ಕೆಟ್ಟುಹೋದದ್ದನ್ನು ಹೇಳಿಕೊಳ್ಳುವ ಜಾಗ.’

ಹಾಗೆ ಶುರುವಾದ ಸಂಜೆಗಳೇ ಸಂಘಕ್ಕೆ ಜೀವ ಕೊಟ್ಟವು. ನಿಯಮ ಮೂರು: ಅಧ್ಯಾಪಕರಿಗೆ ಪ್ರವೇಶವಿಲ್ಲ, ಧ್ವನಿಮುದ್ರಣವಿಲ್ಲ, ಮಾಹಿತಿ ಕೊಟ್ಟವರ ಹೆಸರಾಗಲಿ ಊರಾಗಲಿ ಬಾಯಿಗೆ ಬರಬಾರದು. ಮೊದಲನೆಯದಕ್ಕೆ ವಿಭಾಗದಲ್ಲಿ ಸ್ವಲ್ಪ ಮುನಿಸೂ ಆಯಿತು. ನಾವು ಬಗ್ಗಲಿಲ್ಲ. ಅಂಕ ಕೊಡುವವರ ಎದುರು ಯಾರೂ ತಮ್ಮ ಎಡವಟ್ಟನ್ನು ಹೇಳಿಕೊಳ್ಳುವುದಿಲ್ಲ.

ಮೊದಲ ಸಂಜೆ ಮಾತಾಡಿದ ಸಂಶೋಧಕಿ ಮನೆಯ ಸಾಲಗಳ ಬಗ್ಗೆ ಸಂದರ್ಶನ ಮಾಡಿ ಬಂದಿದ್ದಳು. ಒಬ್ಬ ಹೆಂಗಸು ಹತ್ತು ನಿಮಿಷ ಮಾತಾಡಿದ್ದಳಂತೆ. ದುಭಾಷಿ ಅದನ್ನು ‘ಸಾಲ ಇಲ್ಲವಂತೆ’ ಎಂದು ಮುಗಿಸಿದ್ದ. ಹಿಂತಿರುಗಿದ ಮೇಲೆ ಸಂದರ್ಶನದ ಧ್ವನಿಮುದ್ರಣವನ್ನು ಇನ್ನೊಬ್ಬರಿಗೆ ಕೇಳಿಸಿದಾಗ ತಿಳಿದದ್ದು: ಆಕೆ ಹೇಳಿದ್ದು ತನ್ನ ಹೆಸರಿನಲ್ಲಿ ಸಾಲ ಇಲ್ಲ, ತೀರಿಸುವವಳು ಮಾತ್ರ ತಾನು ಎಂದು. ಅಷ್ಟರಲ್ಲಿ ಅಧ್ಯಾಯ ಬರೆದಾಗಿತ್ತು. ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಇನ್ನಿಬ್ಬರು ತಮ್ಮ ದುಭಾಷಿಗಳ ಕಥೆ ಬಿಚ್ಚಿದರು.

ಸಂಕಿರಣವನ್ನೂ ಬಿಡಲಿಲ್ಲ. ‘ಜ್ಞಾನದ ಅಸಮಾನತೆ’ ಎಂಬ ವಿಷಯಕ್ಕೆ ಕರೆದ ಇಬ್ಬರಲ್ಲಿ ಒಬ್ಬರಿಗೆ ವೀಸಾ ಸಿಗಲಿಲ್ಲ. ಬೇರೆ ಉದಾಹರಣೆಯೇ ಬೇಕಾಗಲಿಲ್ಲ. ಹಣದ ಕಥೆ ಎಲ್ಲ ಸಂಘಗಳದ್ದೇ: ಕಡಿಮೆ, ಅದೂ ತಡವಾಗಿ.

ಅವಧಿ ಮುಗಿಯುವ ಹೊತ್ತಿಗೆ ಬೀರು ಸಿಕ್ಕಿತು, ಜೆರಾಕ್ಸ್ ಕೋಣೆಯ ಬಾಗಿಲ ಹಿಂದೆ. ಒಳಗೆ ಹಳೆಯ ನಡಾವಳಿ ಪುಸ್ತಕಗಳು. ಒಂದರಲ್ಲಿ ಸರ್ವಾನುಮತದ ನಿರ್ಣಯ: ಕ್ಷೇತ್ರಕಾರ್ಯ ಮುಗಿಸಿ ಬಂದವರಿಗಾಗಿ ತಿಂಗಳಿಗೊಂದು ಸಭೆ ನಡೆಸುವುದು. ಅದರ ಮುಂದಿನ ಪುಟ ಖಾಲಿ.

ಹೊಸ ಕಾರ್ಯದರ್ಶಿಗೆ ಕೀಲಿಕೈ ಕೊಡುವ ದಿನ ಅವಳನ್ನು ಆ ಬಾಗಿಲ ಹಿಂದಕ್ಕೆ ಕರೆದೊಯ್ದು, ಅವಳ ಕೈಯಿಂದಲೇ ಬೀಗ ತೆಗೆಸಿದೆ. ಏಣಿಯ ಮಾತು ಹೇಳಿ ನಕ್ಕಿದ್ದವಳು ಅವಳೇ.