ಹೆಸರಿನಲ್ಲಿ ‘ಕ್ರಿಶ್ಚಿಯನ್’ ಇದೆಯೆಂದು ಬಾಗಿಲಿನಿಂದಲೇ ಹಿಂತಿರುಗಬೇಡಿ

ಟೊರಾಂಟೊಗೆ ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ ನಾನು ಮೊದಲು ಕೊಡುವ ವಿಳಾಸ ದೇವಸ್ಥಾನದ್ದಲ್ಲ, ಕನ್ನಡ ಸಂಘದ್ದೂ ಅಲ್ಲ, ವೈಡಬ್ಲ್ಯುಸಿಎ (ಯಂಗ್ ವಿಮೆನ್ಸ್ ಕ್ರಿಶ್ಚಿಯನ್ ಅಸೋಸಿಯೇಷನ್) ಎಂಬ ಮಹಿಳಾ ಸಂಸ್ಥೆಯದು. ಸಂಘದಲ್ಲಿ ಯುಗಾದಿಗೆ ಒಬ್ಬಟ್ಟು ಸಿಗುತ್ತದೆ, ನಾಲ್ಕು ಜನ ನಮ್ಮವರು ಸಿಗುತ್ತಾರೆ, ಅದೂ ಬೇಕು. ಆದರೆ ಜನವರಿಯ ಮಧ್ಯಾಹ್ನ, ಗಂಡ ಕೆಲಸಕ್ಕೆ ಹೋದ ಮೇಲೆ, ಊರಿನಿಂದ ಜೋಪಾನವಾಗಿ ತಂದ ಎಂ.ಕಾಂ. ಅಂಕಪಟ್ಟಿಯನ್ನು ಇಟ್ಟುಕೊಂಡು ಕೂತಾಗ ಒಬ್ಬಟ್ಟು ದಾರಿ ತೋರಿಸುವುದಿಲ್ಲ.

ನಾನೇ ಎರಡು ವರ್ಷ ಆ ಕಡೆ ತಲೆ ಹಾಕಿರಲಿಲ್ಲ. ‘ಹುಷಾರು, ಜಾತಿ ಕೆಡಿಸಿಬಿಡುತ್ತಾರೆ’ ಎಂದು ಅಮ್ಮ ಫೋನಿನಲ್ಲಿ ಎಚ್ಚರಿಸಿದ್ದರು. ಅವರ ಸ್ವಂತ ತಂಗಿ ಬೆಂಗಳೂರಿನ ಇನ್‌ಫೆಂಟ್ರಿ ರಸ್ತೆಯ ವೈಡಬ್ಲ್ಯುಸಿಎಯಲ್ಲಿ ಮೂರು ವರ್ಷ ಇದ್ದು ಬ್ಯಾಂಕ್ ಕೆಲಸ ಮಾಡಿದವರು. ಸಂಕಷ್ಟಿಯ ಉಪವಾಸವನ್ನು ಒಂದು ತಿಂಗಳೂ ಬಿಟ್ಟವರಲ್ಲ. ಕೊನೆಗೂ ಹೋದ ದಿನ ಹಣೆಯ ಕುಂಕುಮ ಅಳಿಸಲೇ ಎಂದು ಬಸ್ ನಿಲ್ದಾಣದಲ್ಲಿ ಯೋಚಿಸಿದ್ದೆ. ಒಳಗೆ ಹಿಜಾಬ್ ತೊಟ್ಟಾಕೆಯೊಬ್ಬಳು ‘ಕಾಫಿಯೋ ಟೀಯೋ’ ಎಂದು ಕೇಳಿದಳು, ಅಷ್ಟೇ.

ಪ್ರಾರ್ಥನೆಯಿಂದ ಹುಟ್ಟಿದ ಸಂಸ್ಥೆಯೆಂಬುದು ಸುಳ್ಳಲ್ಲ. 1855ರಲ್ಲಿ ಲಂಡನ್ನಿನಲ್ಲಿ ಎಮ್ಮಾ ರಾಬರ್ಟ್ಸ್ ಪ್ರಾರ್ಥನಾ ಬಳಗ ಕಟ್ಟಿದರು. ಮೇರಿ ಜೇನ್ ಕಿನ್ನೇರ್ಡ್ ಕ್ರಿಮಿಯಾ ಯುದ್ಧದ ದಾದಿಯರಿಗೆ ವಸತಿಗೃಹ ತೆರೆದರು. 1877ರಲ್ಲಿ ಎರಡೂ ಒಂದಾದವು. ಕೆನಡಾದ ಮೊದಲ ಶಾಖೆ 1870ರಲ್ಲಿ ಸೇಂಟ್ ಜಾನ್ ಊರಿನಲ್ಲಿ, ಟೊರಾಂಟೊದ್ದು 1873ರಲ್ಲಿ. ಹಳ್ಳಿಯಿಂದ ಕೆಲಸ ಹುಡುಕಿಕೊಂಡು ಬಂದ ಹುಡುಗಿಯರನ್ನು ರೈಲು ನಿಲ್ದಾಣದಲ್ಲೇ ಎದುರುಗೊಂಡು ಸುರಕ್ಷಿತ ಕೋಣೆಗೆ ಕರೆದೊಯ್ಯುವುದು ಆಗಿನ ಮುಖ್ಯ ಕೆಲಸಗಳಲ್ಲೊಂದು. ಪೆಟ್ಟಿಗೆ ಹಿಡಿದು ನಿಂತ ಆ ಹುಡುಗಿಗೂ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಇಳಿದ ನಿಮಗೂ ಬಹಳ ವ್ಯತ್ಯಾಸವೇನಿಲ್ಲ.

ನನಗೆ ಇಷ್ಟವಾದ ಹೆಸರು ಪಕ್ಕದ ಹ್ಯಾಮಿಲ್ಟನ್ನಿನ ಅಡಿಲೇಡ್ ಹೂಡ್‌ಲೆಸ್ ಅವರದು. 1889ರಲ್ಲಿ ಅವರ ಹಸುಗೂಸು ತೀರಿಕೊಂಡಿತು. ಕೆಟ್ಟ ಹಾಲೇ ಕಾರಣವೆಂದು ಹೇಳುತ್ತಾರೆ. ಅಳುತ್ತಾ ಕೂರದೆ ಅಲ್ಲಿನ ವೈಡಬ್ಲ್ಯುಸಿಎಯಲ್ಲಿ ಹುಡುಗಿಯರಿಗೆ ಅಡುಗೆ, ಶುಚಿತ್ವ, ಮನೆವಾರ್ತೆಯ ಪಾಠ ಶುರು ಮಾಡಿಸಿದರು. 1893ರಲ್ಲಿ ಕೆನಡಾದ ವೈಡಬ್ಲ್ಯುಸಿಎಗಳ ರಾಷ್ಟ್ರೀಯ ಸಂಘ ಕಟ್ಟುವುದರಲ್ಲೂ ಅವರ ಕೈ ಇತ್ತು.

ಈಗಿನ ವಿಷಯಕ್ಕೆ ಬರುತ್ತೇನೆ. ಗಂಡಸರಿಗಾಗಿ ಶುರುವಾದ ವೈಎಂಸಿಎ ಬೇರೆ, ವೈಡಬ್ಲ್ಯುಸಿಎ ಬೇರೆ. ಕೆಲವು ಊರುಗಳಲ್ಲಿ ಎರಡೂ ಕೂಡಿವೆ. ಈಜುಕೊಳ ಹುಡುಕುತ್ತಾ ತಪ್ಪು ಬಾಗಿಲು ತಟ್ಟಿದವರಲ್ಲಿ ನಾನೂ ಒಬ್ಬಳು. ಶಾಖೆಯಿಂದ ಶಾಖೆಗೆ ಕೆಲಸವೂ ಬೇರೆ: ಎಲ್ಲೋ ಉದ್ಯೋಗ ತರಬೇತಿ, ಎಲ್ಲೋ ಶಿಶುವಿಹಾರ, ಎಲ್ಲೋ ವಸತಿ. ಟೊರಾಂಟೊದವರು 2012ರಲ್ಲಿ ತೆರೆದ ಎಲ್ಮ್ ಸೆಂಟರ್‌ನಲ್ಲಿ 300 ಮನೆಗಳಿವೆ. ಮೊದಲು ಫೋನ್ ಮಾಡಿ. ಒಂಟಾರಿಯೊದಲ್ಲಿ 211ಕ್ಕೆ ಕರೆ ಮಾಡಿದರೆ ಹತ್ತಿರದ ಸೇವೆ ಯಾವುದೆಂದು ಹೇಳುತ್ತಾರೆ. ಕೇಂದ್ರ ಸರ್ಕಾರದ ಉಚಿತ ಇಂಗ್ಲಿಷ್ ತರಗತಿಗೆ ಪಿಆರ್ (ಕಾಯಂ ವಾಸದ ಅನುಮತಿ) ಕಾರ್ಡಿನಂಥ ದಾಖಲೆ ಕೇಳುತ್ತಾರೆ, ಪೌರತ್ವ ಸಿಕ್ಕ ಮೇಲೆ ಆ ಬಾಗಿಲು ಮುಚ್ಚುತ್ತದೆ. ‘ನಮಗೆ ಇಂಗ್ಲಿಷ್ ಬರುತ್ತದೆ’ ಎಂಬ ಬಿಗುಮಾನ ಬೇಡ. ಸಂದರ್ಶನದಲ್ಲಿ ಇಲ್ಲಿಯವರ ಧಾಟಿ ಹಿಡಿಯಲು ನನಗೆ ಆರು ತಿಂಗಳು ಬೇಕಾಯಿತು.

ಇನ್ನೊಂದು ಮಾತು, ನಮ್ಮ ಕೂಟಗಳಲ್ಲಿ ಪಿಸುದನಿಯಲ್ಲಷ್ಟೇ ಕೇಳುವಂಥದ್ದು. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟವರಿಗೆ, ಮಕ್ಕಳ ಸಮೇತ, ವೈಡಬ್ಲ್ಯುಸಿಎಯ ಆಶ್ರಯಧಾಮಗಳಿವೆ. ‘ನನ್ನನ್ನು ಬಿಟ್ಟು ಹೋದರೆ ನಿನ್ನ ಪಿಆರ್ ರದ್ದಾಗುತ್ತದೆ’ ಎಂದು ಹೆದರಿಸುವ ಗಂಡಂದಿರಿದ್ದಾರೆ. ಹೊಸದಾಗಿ ಮದುವೆಯಾಗಿ ಬಂದವರು ಎರಡು ವರ್ಷ ಜೊತೆಗಿರಲೇಬೇಕೆಂಬ ಷರತ್ತನ್ನು ಕೆನಡಾ 2017ರಲ್ಲೇ ತೆಗೆದುಹಾಕಿದೆ. ನಿಮ್ಮ ಪಾಸ್‌ಪೋರ್ಟ್ ಮತ್ತು ಪಿಆರ್ ಕಾರ್ಡ್ ನಿಮ್ಮ ಕೈಚೀಲದಲ್ಲೇ ಇರಲಿ, ಅವರ ಬೀರುವಿನಲ್ಲಿ ಅಲ್ಲ.