ನಾಲ್ಕು ರಾತ್ರಿ ಮಷೀನ್ ಜಾಮ್ ಎಣಿಸಿ ಮಾಡಿದ ರಿಸ್ಕ್ ಅಸೆಸ್‌ಮೆಂಟ್: ನನ್ನ ಅನುಭವ

ಮೊದಲನೇ ರಿಸ್ಕ್ ಅಸೆಸ್‌ಮೆಂಟ್ (ಎಲ್ಲಿ ಯಾವ ಅಪಾಯ ಇದೆ, ಎಷ್ಟು ಅಂತ ಪಟ್ಟಿ ಮಾಡೋದು) ಫ್ಯಾಕ್ಟರಿಯಲ್ಲಿ ಸೇಫ್ಟಿ ನೋಡ್ಕೊಳ್ಳೋ ನಾನೂ ಎಲ್ಲರ ಹಾಗೆ ಸೀಟಲ್ಲಿ ಕೂತೇ ಮಾಡಿದ್ದು. 5×5 ಮ್ಯಾಟ್ರಿಕ್ಸ್ (ಆಗೋ ಸಾಧ್ಯತೆಗೆ ಐದರವರೆಗೆ ಅಂಕ, ಪೆಟ್ಟಿನ ತೀವ್ರತೆಗೆ ಐದರವರೆಗೆ, ಎರಡನ್ನೂ ಗುಣಿಸಿದ್ರೆ ಸ್ಕೋರ್), ಎಕ್ಸೆಲ್‌ನಲ್ಲಿ ಹತ್ತಿರ ಹತ್ತಿರ 140 ಸಾಲು, ಮುಕ್ಕಾಲು ಪಾಲು ಸ್ಕೋರ್ 9 ಇಲ್ಲಾ 12, ಯಾಕಂದ್ರೆ 15 ಆದ್ರೆ ಕೆಂಪು ಬರುತ್ತೆ, ಕೆಂಪು ಬಂದ್ರೆ ಮೀಟಿಂಗ್ ಬರುತ್ತೆ. ಎಲ್ಲಿಂದಲೋ ಎತ್ತಿದ ಟೆಂಪ್ಲೇಟು, ನಮ್ಮಲ್ಲಿ ಕ್ರೇನೇ ಇಲ್ಲ, ಆದ್ರೂ ಕ್ರೇನಿನ ನಾಲ್ಕು ಸಾಲು ಹಾಗೇ ಉಳ್ಕೊಂಡಿತ್ತು. ಆಡಿಟ್‌ಗೆ ಬಂದವರೂ ಸಹಿ ಹಾಕಿ ಹೋದ್ರು!

ಆಮೇಲೊಂದು ದಿನ ಪ್ಯಾಕಿಂಗ್ ಲೈನಲ್ಲಿ ಒಬ್ಬ ಹುಡುಗನ ಕೈ ಸೀಲಿಂಗ್ ಜಾ (ಪ್ಯಾಕೆಟ್ ಬಾಯನ್ನ ಬಿಸಿಯಿಂದ ಒತ್ತಿ ಮುಚ್ಚೋ ದವಡೆ) ಒಳಗೆ ಹೋಯ್ತು. ಪುಣ್ಯಕ್ಕೆ ಗ್ಲೌಸ್ ತುದಿ ಮಾತ್ರ ಸುಟ್ಟಿತು. ನನ್ನ ಶೀಟಲ್ಲಿ ಆ ಮಷೀನಿಗೆ ಸ್ಕೋರ್ 6, 'ಗಾರ್ಡ್ ಇದೆ' ಅಂತ ಬರೆದಿದ್ದೆ, ಅಂದ್ರೆ ಕೈ ಹೋಗದ ಹಾಗೆ ರಕ್ಷಣೆಯ ಮುಚ್ಚಳ. ಇತ್ತು ನಿಜ. ಇಂಟರ್‌ಲಾಕ್ ಸ್ವಿಚ್ಚಿಗೆ (ಗಾರ್ಡ್ ತೆಗೆದ್ರೆ ಮಷೀನ್ ನಿಲ್ಲಿಸೋದು) ಗಾರ್ಡ್ ಮುಚ್ಚಿದೆ ಅಂತ ನಂಬಿಸೋಕೆ ಒಂದು ಮ್ಯಾಗ್ನೆಟ್ ಅಂಟಿಸಿ ಮೇಲೆ ಇನ್ಸುಲೇಶನ್ ಟೇಪ್ ಸುತ್ತಿದ್ರು. ಟೇಪಿನ ಅಂಚಲ್ಲಿ ಕೂತಿದ್ದ ಜಿಡ್ಡು ನೋಡಿದ್ರೇ ಗೊತ್ತಾಗ್ತಿತ್ತು, ತಿಂಗಳುಗಟ್ಟಲೆ ಹಳೇದು. ನಾನು ದಿನಾ ಅದರ ಪಕ್ಕದಲ್ಲೇ ಓಡಾಡ್ತಿದ್ದೆ.

ಕೋಡೆಡ್ ಇಂಟರ್‌ಲಾಕ್ (ಬರೀ ಮ್ಯಾಗ್ನೆಟ್ಟಿಗೆ ಮೋಸ ಹೋಗದ್ದು) ಹಾಕ್ಸಿದ್ವಿ, ಆ ವರ್ಷದ ಸೇಫ್ಟಿ ಬಜೆಟ್ಟಿನ ಮೂರನೇ ಒಂದು ಪಾಲು ಅಲ್ಲೇ ಮುಗೀತು. ಮೂರು ವಾರ ಆಗಿಲ್ಲ, ಸ್ಟೋರಿಂದ ಸ್ಪೇರ್ ಆಕ್ಚುಯೇಟರ್ (ಗಾರ್ಡ್ ಮೇಲೆ ಕೂರೋ, ಸ್ವಿಚ್ಚಿನ ಜೋಡಿ ತುಂಡು) ತಂದು ಸ್ವಿಚ್ಚಿಗೆ ಕಟ್ಟಿ ಓಡಿಸ್ತಿದ್ದಾರೆ. ಸಿಟ್ಟಲ್ಲಿ ಮೆಮೊ ಕೊಟ್ಟೆ. ಅದು ನಾನು ಮಾಡಿದ ದೊಡ್ಡ ತಪ್ಪು, ಮುಂದಿನ ಎರಡು ತಿಂಗಳು ಒಂದೇ ಒಂದು ನಿಯರ್ ಮಿಸ್ (ಸ್ವಲ್ಪದರಲ್ಲಿ ತಪ್ಪಿದ ಅಪಘಾತ) ರಿಪೋರ್ಟ್ ಬರಲಿಲ್ಲ.

ಆಗ ಶೀಟ್ ಪಕ್ಕಕ್ಕಿಟ್ಟು ನಾಲ್ಕು ರಾತ್ರಿ ಶಿಫ್ಟು ಲೈನ್ ಹತ್ರನೇ ನಿಂತೆ. ಪ್ರೊಡಕ್ಷನ್ ಮ್ಯಾನೇಜರು "ಏನ್ರೀ, ಜಾಗರಣೆನಾ?" ಅಂತ ಆಡ್ಕೊಂಡ್ರು. ನಾನು ಎಣಿಸಿದ್ದು ಜಾಮ್ ಮಾತ್ರ, ಅಂದ್ರೆ ಪ್ಯಾಕಿಂಗ್ ಫಿಲ್ಮ್ ಮಷೀನಲ್ಲಿ ಸಿಕ್ಕಿಕೊಳ್ಳೋದು. ಒಂದು ಶಿಫ್ಟಿಗೆ ಸುಮಾರು 40. ಆಪರೇಟರ್ ಹೇಳಿದ್ದು: "ಸಾರ್, ನಿಲ್ಸಿ ಗಾರ್ಡ್ ತೆಗ್ದು ಮತ್ತೆ ಸ್ಟಾರ್ಟ್ ಮಾಡೋಕೆ ಎರಡು ನಿಮಿಷ. ನಲವತ್ತು ಸಲಕ್ಕೆ ನೀವೇ ಲೆಕ್ಕ ಹಾಕಿ. ಆಮೇಲೆ ಟಾರ್ಗೆಟ್ ಯಾರು ಕೊಡ್ತಾರೆ?"

ಸರಿ, ಜಾಮ್ ಯಾಕೆ ಅಂತ ಹುಡುಕಿದ್ರೆ ಫಿಲ್ಮ್ ಗೈಡ್ ರೋಲರಿನ ಬೇರಿಂಗ್ ಸವೆದು ಫಿಲ್ಮ್ ಒಂದು ಕಡೆ ಎಳೀತಿತ್ತು. ರೋಲರ್, ಬೇರಿಂಗ್, ಒಂದು ದಿನದ ಅಲೈನ್‌ಮೆಂಟ್, ಎಲ್ಲಾ ಸೇರಿ ಇಂಟರ್‌ಲಾಕಿನ ಖರ್ಚಲ್ಲಿ ಹತ್ತನೇ ಒಂದು ಪಾಲೂ ಆಗ್ಲಿಲ್ಲ. ಜಾಮ್ ಐದಾರಕ್ಕೆ ಇಳೀತು. ಗಾರ್ಡ್ ತೆಗೆದಾಗ ಜಾ ಒತ್ತೋ ಸಿಲಿಂಡರಿನ ಗಾಳಿನೂ ಹೊರಗೆ ಹೋಗೋ ಹಾಗೆ ವಾಲ್ವ್ ಹಾಕ್ಸಿದೆ, ಬಿಸಿ ಮಾತ್ರ ಹಾಗೇ ಉಳಿಯುತ್ತೆ, ಅದಕ್ಕೆ ಕೈ ಹಾಕದೆ ಜಾಮ್ ಬಿಡಿಸೋಕೆ ಉದ್ದ ಹಿಡಿಯ ಮರದ ಕೊಕ್ಕೆ. ಎಂಟು ತಿಂಗಳಾಯ್ತು, ಮ್ಯಾಗ್ನೆಟ್ಟೂ ಇಲ್ಲ, ಕಟ್ಟಿದ ಆಕ್ಚುಯೇಟರೂ ವಾಪಸ್ ಬಂದಿಲ್ಲ. ಜಾಗರಣೆ ಅಂದವರೇ ಈಗ ಎರಡನೇ ಲೈನಿಗೆ ಕರೀತಿದ್ದಾರೆ.

ಈಗ ನನ್ನ ಶೀಟಲ್ಲಿ ಮಷೀನಿಗೆ ಸಾಲಿಲ್ಲ, ಕೆಲಸಕ್ಕೆ ಸಾಲು: ಜಾಮ್ ಬಿಡಿಸೋದು, ರೋಲ್ ಬದಲಿಸೋದು, ಕ್ಲೀನಿಂಗ್. ಒಟ್ಟು 30 ದಾಟಲ್ಲ. ರಾತ್ರಿ ಶಿಫ್ಟಿನವರ ಬಾಯಿ ಬಿಡಿಸೋಕೆ ಮೊದಲು ಏನು ಕೇಳ್ತೀನಿ ಅನ್ನೋದು ಮಾತ್ರ ನನ್ನ ಹತ್ರನೇ ಇರ್ಲಿ.

ನಿಂತಿದ್ದ ಹೊತ್ತಲ್ಲೇ ಇನ್ನೊಂದು ಕೈ ನೋಡಿದೆ. ಶೂಟಿನ (ಮಾಲು ಜಾರಿ ಬೀಳೋ ದೋಣಿ) ತಗಡಿಗೆ ರಬ್ಬರ್ ಶೀಟ್ ಅಂಟಿಸಿದ್ದಕ್ಕೆ ಫೋನ್ ಆಪಲ್ಲಿ ಸದ್ದು 91ರಿಂದ 86 ಡೆಸಿಬೆಲ್‌ಗೆ ಇಳೀತು. ಆಮೇಲೆ ಕ್ಯಾಲಿಬ್ರೇಟೆಡ್ ಮೀಟರ್ ಇಟ್ರೆ ಆಪ್ ಮೂರು ನಾಲ್ಕು ಕಡಿಮೆ ತೋರಿಸ್ತಿತ್ತು. ಹೋಲಿಸೋಕೆ ಆಪ್ ಸಾಕು, ರಿಜಿಸ್ಟರಿಗೆ ಬರೆಯೋಕೆ ಅಲ್ಲ, ಇಯರ್ ಪ್ಲಗ್ ಅಂತೂ ತಪ್ಪಲಿಲ್ಲ. ರಬ್ಬರ್ ಎರಡೇ ವಾರಕ್ಕೆ ಕಿತ್ಕೊಂಡು ಬಂತು, ಈಗ ಬೋಲ್ಟ್ ಹಾಕಿದೀನಿ.