ಮೂವರು ಸಂಶೋಧಕರ ಹಿಂದೆ ಎಷ್ಟು ಜನ ಬೇಕು?

ಬಾಹ್ಯಾಕಾಶದಲ್ಲಿ ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟ ಸ್ಟೆಲ್ಲಾರಿಸ್ ಆಡಲು ಶುರು ಮಾಡಿದ ಹೊಸದರಲ್ಲಿ ನನಗೆ ಜನ ಹೆಚ್ಚಿಸುವ ಹುಚ್ಚು. ಬೇಗ ಬೆಳೆಯುವ ಜನಾಂಗವನ್ನೇ ಆರಿಸುತ್ತಿದ್ದೆ. ಸಿಕ್ಕ ಗ್ರಹದಲ್ಲೆಲ್ಲ ವಸಾಹತು, ವಸಾಹತಿಗೊಂದು ಲ್ಯಾಬ್. ಆಟದ ಕಥೆ 2200ನೇ ಇಸವಿಯಲ್ಲಿ ಶುರುವಾಗುತ್ತದೆ. 2240 ಬರುವಷ್ಟರಲ್ಲಿ ಪರದೆಯ ಮೇಲಿನ ಸಾಲಿನ ಅರ್ಧ ಅಂಕಿಗಳು ಕೆಂಪು, ಅಂದರೆ ಆದಾಯಕ್ಕಿಂತ ಖರ್ಚು ಜಾಸ್ತಿ. ನವಿ ಮುಂಬೈಯ ವಾಶಿಯ ನಮ್ಮ ಮನೆಯಲ್ಲಿ ಹಿಂದೆ ನಿಂತು ನೋಡುತ್ತಿದ್ದ ಅಮ್ಮ ಕೇಳಿದರು: “ಇಷ್ಟು ಜನಕ್ಕೆ ಅನ್ನ ಬೇಯಿಸುವವರು ಯಾರು ಮಾರಾಯ?”

ಅವರು ಸುಮ್ನೆ ಕೇಳಿದ್ದು. ನಾನು ಮಾತ್ರ ಆಟ ನಿಲ್ಲಿಸಿ ನೋಟ್‌ಬುಕ್ ತೆಗೆದೆ.

ನಾನು ಆಡುವ ಹಳೆಯ ಆವೃತ್ತಿಯಲ್ಲಿ ಒಬ್ಬ ಸಂಶೋಧಕನಿಗೆ ತಿಂಗಳಿಗೆ 2 ಕನ್ಸ್ಯೂಮರ್ ಗೂಡ್ಸ್ (ಬಳಕೆಯ ಸಾಮಾನು) ಬೇಕು. ಮೂವರಿಗೆ 6. ಅಷ್ಟನ್ನು ತಯಾರಿಸಲು ಒಬ್ಬ ಕುಶಲಕರ್ಮಿ, ಅವನ ಕೈಗೆ 6 ಖನಿಜ. ಗಣಿ ಕೆಲಸದವನು ತೆಗೆಯುವುದು 4. ಅಂದರೆ ಅಲ್ಲಿ ಒಂದೂವರೆ ಆಳು. ಇವರೆಲ್ಲ ತಲೆಗೆ 1ರಂತೆ ಊಟ ಮಾಡುತ್ತಾರೆ, ರೈತ ಬೆಳೆಯುವುದು 6. ಹಾಗಾಗಿ ಹೆಚ್ಚುಕಮ್ಮಿ ಒಬ್ಬ ರೈತ. ಯಾವ ಬೋನಸ್ಸೂ ಸೇರಿಸದೆ ನೋಡಿದರೆ, ಮೂವರು ಲ್ಯಾಬಿನಲ್ಲಿ ಕೂರಬೇಕಾದರೆ ಕಡಿಮೆಯೆಂದರೂ ಮೂರೂವರೆ ಜನ ಹೊರಗೆ ದುಡಿಯಬೇಕು. ಕಟ್ಟಡಗಳಿಗೆ ಬೇಕಾದ ಎನರ್ಜಿ ಬೇರೆ. ನನ್ನ ಹತ್ತಿರ ಹತ್ತಾರು ಸಂಶೋಧಕರಿದ್ದರು, ಗಣಿಯಲ್ಲಿ ಬೆರಳೆಣಿಕೆಯಷ್ಟು ಜನ.

ನಿಜವಾದ ಪೆಟ್ಟು ಬಿದ್ದದ್ದು ಮಿಶ್ರಲೋಹಕ್ಕೆ, ಅಂದರೆ ಅಲಾಯ್‌ಗೆ. ಅದೇ 6 ಖನಿಜದಿಂದ ಲೋಹದ ಕೆಲಸದವನು 3 ಅಲಾಯ್ ಮಾಡುತ್ತಾನೆ, ಹಡಗು ಕಟ್ಟುವುದು ಅದರಿಂದ. ಖನಿಜ ಸಾಲದಾದಾಗ ಲ್ಯಾಬೂ ಹಡಗೂ ಒಟ್ಟಿಗೇ ಕುಂಟಿದವು. ಆಟದ ಮಾರುಕಟ್ಟೆಯಲ್ಲಿ ಖನಿಜ ಕೊಂಡೆ. ಕೊಂಡಷ್ಟೂ ಬೆಲೆ ಏರಿತು. ನೆರೆಯವನು ಹೊಂಚು ಹಾಕುತ್ತಲೇ ಇದ್ದ, ಬಂದು ಎರಡು ಗ್ರಹ ಕಿತ್ತುಕೊಂಡ.

ಈಗ ನಾನು ಜನರನ್ನು ಎಣಿಸುವುದಿಲ್ಲ, ಖಾಲಿ ಕೆಲಸಗಳನ್ನು ಎಣಿಸುತ್ತೇನೆ. ಒಂದು ಗ್ರಹದಲ್ಲಿ ಒಂದೆರಡು ಖಾಲಿ ಇದ್ದರೆ ಸಾಕು, ಹೊಸ ಕಟ್ಟಡಕ್ಕೆ ಕೈ ಹಾಕುವುದಿಲ್ಲ. ಆಳಿಲ್ಲದ ಕಟ್ಟಡವೂ ಎನರ್ಜಿ ಕುಡಿಯುತ್ತದೆ. ಕೆಲಸವಿಲ್ಲದ ಜನರಿದ್ದರೆ ಇನ್ನೂ ಕಷ್ಟ, ಗ್ರಹದ ನೆಮ್ಮದಿಯೇ ಕೆಡುತ್ತದೆ. ಜನ ಇರುವ ಕಡೆಯೇ ಕೆಲಸವೂ ಇರಬೇಕು. ಅಪ್ಪ ವಾಶಿಯಲ್ಲಿ ಮನೆ ಕೊಂಡಾಗ ಇಲ್ಲಿಗೆ ಲೋಕಲ್ ರೈಲು ಇರಲಿಲ್ಲ. ರೈಲು ನಡುವಿನ ಖಾಡಿ (ಸಮುದ್ರದ ಹಿನ್ನೀರು) ದಾಟಿದ್ದು 1992ರಲ್ಲಿ. ಅಲ್ಲಿಯವರೆಗೆ ಮನೆ ಇಲ್ಲಿ, ಕೆಲಸ ಮುಂಬೈಯ ಫೋರ್ಟ್‌ನಲ್ಲಿ, ನಡುವೆ ಬಸ್ಸು. ಮನೆ ಒಂದು ಕಡೆ, ಕೆಲಸ ಇನ್ನೊಂದು ಕಡೆ ಅಂದರೆ ಏನು ಅಂತ ಅಪ್ಪನನ್ನೇ ಕೇಳಬೇಕು.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. 2021ರಲ್ಲಿ ಆಟದ 3.0 ಆವೃತ್ತಿ ಬಂದ ಮೇಲೆ ಸಾಮ್ರಾಜ್ಯ ದೊಡ್ಡದಾದಷ್ಟೂ ಮುಂದಿನ ಒಬ್ಬರು ಹುಟ್ಟಲು ಜಾಸ್ತಿ ಕಾಲ ಹಿಡಿಯುತ್ತದೆ. ಗ್ರಹ ಅರ್ಧ ತುಂಬಿದಾಗ ಬೆಳವಣಿಗೆ ಚುರುಕು, ಭರ್ತಿಯಾಗುತ್ತ ಬಂದ ಹಾಗೆ ನಿಧಾನ. ಹಾಗಾಗಿ ರಾಜಧಾನಿ ತುಂಬುವ ಮೊದಲೇ ಕೆಲವರನ್ನು ಎಬ್ಬಿಸಿ ಹೊಸ ಗ್ರಹಕ್ಕೆ ಕಳಿಸುತ್ತೇನೆ. ಎನರ್ಜಿ ಖರ್ಚಾಗುತ್ತದೆ, ಆದರೂ ಎರಡೂ ಕಡೆ ಲಾಭ. 2025ರ 4.0ದಲ್ಲಿ ಜನರನ್ನು ನೂರರ ಲೆಕ್ಕದಲ್ಲಿ ಎಣಿಸುತ್ತಾರೆ. ನಾನು ಇನ್ನೂ ಹಳೆಯದರಲ್ಲೇ ಇದ್ದೇನೆ, ನೋಟ್‌ಬುಕ್ ಪೂರ್ತಿ ಮತ್ತೆ ಬರೆಯುವವರು ಯಾರು ಅಲ್ವಾ?

ಮೊನ್ನೆಯ ಆಟದಲ್ಲಿ 2260ಕ್ಕೆ ಜನ ಮೊದಲಿಗಿಂತ ಕಮ್ಮಿ, ಅಲಾಯ್ ಎರಡು ಪಟ್ಟು. ಎನರ್ಜಿ ಮಾತ್ರ ಆಗಾಗ ಕೆಂಪಾಗುತ್ತದೆ. ಹಡಗು ಕಟ್ಟುವ ಚಟ ಇನ್ನೂ ಬಿಟ್ಟಿಲ್ಲ.